ಮೂರು ಶಟರ್ ಕೆಟ್ಟರೆ ಇಡೀ ಸಾಲಿನ ಲೆಕ್ಕ ಹಾಕಿ

ಸಿಂಕ್ ಸುತ್ತಲಿನ ಮೂರು ಶಟರ್ ಮಾತ್ರ ಹೊಸದಾಗಿ ಮಾಡಿಸಿದರೆ 10,520 ರೂಪಾಯಿ. ಅದೇ ಸಾಲಿನ ಎಂಟೂ ಶಟರ್ ಮಾಡಿಸಿದರೆ 17,540. ಮೊದಲನೆಯದರಲ್ಲಿ ಒಂದು ಶಟರ್‌ಗೆ 3,507 ರೂಪಾಯಿ ಬೀಳುತ್ತದೆ, ಎರಡನೆಯದರಲ್ಲಿ 2,193. ಹೆಚ್ಚಿಗೆ ಬರುವ ಐದು ಶಟರ್‌ಗಳ ವೆಚ್ಚ ತಲಾ 1,404 ರೂಪಾಯಿ ಮಾತ್ರ. ಹಳೆಯ ಅಡುಗೆಮನೆಗೆ ಹೊಸ ಬಾಗಿಲು ಹೊಂದಿಸಲು ಹೊರಟವರು ಬಣ್ಣದ ಕ್ಯಾಟಲಾಗ್ ತೆರೆಯುವ ಮೊದಲು ಈ ಲೆಕ್ಕವನ್ನು ನೋಡಬೇಕು.

ರಾಜರಾಜೇಶ್ವರಿನಗರದಲ್ಲಿ ಈ ಪ್ರಶ್ನೆ ಈಗ ಮನೆಮನೆಯದು. 2007ರಲ್ಲಿ ಬಿಬಿಎಂಪಿಗೆ ಸೇರುವ ಮೊದಲು ಇದು ಪ್ರತ್ಯೇಕ ನಗರಸಭೆ. ಬಿಇಎಂಎಲ್ ಬಡಾವಣೆ, ಐಡಿಯಲ್ ಹೋಮ್ಸ್, ಬಿಎಚ್‌ಇಎಲ್ ಬಡಾವಣೆಗಳಲ್ಲಿ ಆ ಕಾಲಕ್ಕೇ ಕಟ್ಟಿದ ಮನೆಗಳ ಅಡುಗೆಮನೆಗೆ ಈಗ ಇಪ್ಪತ್ತು ವರ್ಷ ದಾಟಿದೆ. ಅವು ಇಂದಿನ ಮಾಡ್ಯುಲರ್ ಪೆಟ್ಟಿಗೆಗಳಲ್ಲ. ಕಡಪ ಕಲ್ಲಿನ ಅಥವಾ ಇಟ್ಟಿಗೆಯ ಅಡ್ಡಗೋಡೆ, ಮೇಲೆ ಕಪ್ಪು ಗ್ರಾನೈಟ್, ಮುಂದೆ ಮರದ ಚೌಕಟ್ಟು, ಅದಕ್ಕೆ ಮೈಕಾ ಅಂಟಿಸಿದ ಪ್ಲೈವುಡ್ ಶಟರ್. ಕಲ್ಲು ಇನ್ನೂ ನಲವತ್ತು ವರ್ಷ ಬಾಳುತ್ತದೆ, ಕೆಡುವುದು ಶಟರ್ ಮಾತ್ರ. ಅದೂ ಎಲ್ಲ ಒಟ್ಟಿಗೆ ಕೆಡುವುದಿಲ್ಲ. ಸಿಂಕ್ ಕೆಳಗಿನ ಎರಡು, ಪಕ್ಕದ್ದೊಂದು ಮೊದಲು ಉಬ್ಬುತ್ತವೆ.

ಕಾರಣ ನೋಡಬೇಕೆಂದರೆ ಕೆಟ್ಟ ಶಟರನ್ನು ಬಿಚ್ಚಿ ತಲೆಕೆಳಗು ಮಾಡಿ. ಮುಂಭಾಗಕ್ಕೆ ಮೈಕಾ ಇರುತ್ತದೆ, ಪಕ್ಕದ ಅಂಚುಗಳಿಗೆ ತೇಗದ ಪಟ್ಟಿ ಇರುತ್ತದೆ, ಆದರೆ ನೆಲದ ಕಡೆಯ ಅಂಚು ಎಷ್ಟೋ ಕಡೆ ಬರಿಮೈ. ಕಣ್ಣಿಗೆ ಕಾಣದ ಜಾಗವೆಂದು ಬಿಟ್ಟಿರುತ್ತಾರೆ. ಗ್ರಾನೈಟ್ ಅಂಚಿನಿಂದ ಇಳಿದ ನೀರು ಅಲ್ಲಿ ಹನಿಯಾಗಿ ನಿಲ್ಲುತ್ತದೆ. ನೆಲ ಒರೆಸುವ ಬಟ್ಟೆ ದಿನವೂ ಅದಕ್ಕೇ ತಾಗುತ್ತದೆ. ಪ್ಲೈನ ಪದರಗಳು ಆ ನೀರನ್ನು ಮೇಲಕ್ಕೆ ಹೀರುತ್ತವೆ. ಹೊಸ ಶಟರ್‌ನ ನಾಲ್ಕೂ ಅಂಚಿಗೆ ಪಟ್ಟಿ ಹಾಕಿಸುವುದಕ್ಕೆ ತಗಲುವ ಹೆಚ್ಚುವರಿ ಖರ್ಚು ಒಂದು ಶಟರ್‌ಗೆ ಹತ್ತು ರೂಪಾಯಿಯೂ ಆಗದು. ಇಡೀ ಕೆಲಸದಲ್ಲಿ ಇದಕ್ಕಿಂತ ಲಾಭದ ಹತ್ತು ರೂಪಾಯಿ ಇನ್ನೊಂದಿಲ್ಲ.

ಲೆಕ್ಕಕ್ಕೆ ಮಾದರಿಯಾಗಿ 10×8 ಅಡಿಯ, ಎಲ್ ಆಕಾರದ ಕಟ್ಟೆಯ ಅಡುಗೆಮನೆಯನ್ನು ಹಿಡಿದಿದ್ದೇನೆ. ಕಟ್ಟೆಯ ಕೆಳಗೆ 18×28 ಇಂಚಿನ ಎಂಟು ಶಟರ್, ಮೇಲೆ 18×24 ಇಂಚಿನ ಆರು. ಕೆಳಸಾಲು 28 ಚದರಡಿ, ಮೇಲ್ಸಾಲು 18, ಒಟ್ಟು 46. ದರಗಳು ಲೆಕ್ಕದ ಅನುಕೂಲಕ್ಕೆ ಹಿಡಿದ ದುಂಡು ಅಂಕಿಗಳು, ತೆರಿಗೆ ಸೇರಿಸಿ: 19 ಮಿ.ಮೀ. ವಾಟರ್‌ಪ್ರೂಫ್ ಪ್ಲೈ ಚದರಡಿಗೆ 130 ರೂಪಾಯಿ, ಹೊರಗಿನ 1 ಮಿ.ಮೀ. ಮೈಕಾ ಶೀಟಿಗೆ 1,800, ಒಳಮೈಯ ಬಿಳಿ ಮೈಕಾ 900, ಸಾಫ್ಟ್ ಕ್ಲೋಸ್ ಹಿಂಜ್ ಒಂದಕ್ಕೆ 180, ಅಂಚಿನ ಪಟ್ಟಿ ಮೀಟರಿಗೆ 15, ಅಂಟು ಕಿಲೋಗೆ 300, ಗೂಡ್ಸ್ ಆಟೊ 600. ಬಡಗಿಗೆ ದಿನಕ್ಕೆ 1,300, ಸಹಾಯಕನಿಗೆ 800. ನಿಮ್ಮ ಅಂಗಡಿಯವರು ಬೇರೆ ದರ ಹೇಳಿದರೆ ಅದನ್ನೇ ಹಾಕಿಕೊಳ್ಳಿ. ಮೊತ್ತ ಏರಿಳಿಯಬಹುದು, ಲೆಕ್ಕದ ಸ್ವಭಾವ ಬದಲಾಗದು.

ಆ ಸ್ವಭಾವವನ್ನು ನಿರ್ಧರಿಸುವುದು ಶೀಟು. ಮೈಕಾ ಸಿಗುವುದು 8×4 ಅಡಿಯ ಇಡೀ ಶೀಟಿನಲ್ಲಿ, ಅಂದರೆ 32 ಚದರಡಿ. ನಿಮಗೆ ಬೇಕಾದದ್ದು ಹತ್ತೂವರೆ ಚದರಡಿಯಾದರೂ ಕೊಳ್ಳುವುದು 32. ಪ್ಲೈ ಸ್ವಲ್ಪ ಉದಾರಿ, ಅದರಲ್ಲಿ 6×4ರ ಅಳತೆಯೂ ಇದೆ. ಹಾಗಾಗಿ ಮೂರು ಶಟರ್‌ಗೆ 24 ಚದರಡಿ ಪ್ಲೈ 3,120 ರೂಪಾಯಿ, ಹೊರ ಮೈಕಾ 1,800, ಒಳ ಮೈಕಾ 900, ಆರು ಹಿಂಜ್ 1,080, ಎಂಟು ಮೀಟರ್ ಪಟ್ಟಿ 120, ಅಂಟು 300, ಆಟೊ 600, ಬಡಗಿಯ ಎರಡು ದಿನದ ಕೂಲಿ 2,600. ಒಟ್ಟು 10,520. ಕೆಲಸ ಮುಗಿದ ಮೇಲೆ ಇಪ್ಪತ್ತು ಚದರಡಿಗೂ ಹೆಚ್ಚು ಮೈಕಾ ಮೂಲೆಯಲ್ಲಿ ಸುರುಳಿ ಸುತ್ತಿ ನಿಂತಿರುತ್ತದೆ.

ಅದೇ ಶೀಟಿನಲ್ಲಿ ಎಂಟು ಶಟರ್ ಹಿಡಿಯುತ್ತದೆಯೇ? ಕಾಗದದ ಮೇಲೆ ಗೆರೆ ಎಳೆದು ನೋಡಿ. ಶೀಟು 96×48 ಇಂಚು. 48ರ ಅಗಲದಲ್ಲಿ 28 ಇಂಚಿನ ಒಂದು ಪಟ್ಟೆ ತೆಗೆಯಿರಿ. ಅದರ ಉದ್ದಕ್ಕೆ 18 ಇಂಚಿನ ಐದು ತುಂಡು ಬರುತ್ತವೆ, 90 ಇಂಚು. ಉಳಿದ 20 ಇಂಚಿನ ಪಟ್ಟೆಯಲ್ಲಿ ಶಟರ್ ಅಡ್ಡ ಮಲಗಿಸಿದರೆ 28 ಇಂಚಿನ ಮೂರು ತುಂಡು, 84 ಇಂಚು. ಐದು ಮತ್ತು ಮೂರು ಎಂಟು. ಗರಗಸ ತಿನ್ನುವ 3 ಮಿ.ಮೀ., ಅಂಟಿಸಿದ ಮೇಲೆ ಸವರಿ ತೆಗೆಯುವ ಅಂಚು ಎರಡಕ್ಕೂ ಜಾಗ ಉಳಿಯುತ್ತದೆ. ಪ್ಲೈಗೂ ಇದೇ ನಕ್ಷೆ ಸಾಕು. 32ರಲ್ಲಿ 28 ಚದರಡಿ ಕೆಲಸಕ್ಕೆ ಬಂತು.

ಮರದ ಗೆರೆಯ ಮೈಕಾ ಆದರೆ ಈ ನಕ್ಷೆ ನಡೆಯದು. ಗೆರೆ ಎಲ್ಲ ಶಟರ್‌ನಲ್ಲೂ ನೆಟ್ಟಗೆ ನಿಲ್ಲಬೇಕು, ತುಂಡನ್ನು ಅಡ್ಡ ಹಾಕುವಂತಿಲ್ಲ. ಆಗ ಅಗಲಕ್ಕೆ ಎರಡು, ಉದ್ದಕ್ಕೆ ಮೂರು, ಒಟ್ಟು ಆರು. ಶೀಟಿನ 11 ಚದರಡಿ, ಅಂದರೆ ಮೂರನೇ ಒಂದಕ್ಕಿಂತ ಹೆಚ್ಚು ಪಾಲು, ಉದ್ದನೆಯ ಚೂರುಗಳಾಗಿ ಹೋಗುತ್ತದೆ. ಏಳನೆಯ ಮತ್ತು ಎಂಟನೆಯ ಶಟರ್‌ಗಾಗಿ ಇನ್ನೊಂದು ಶೀಟು ತರಬೇಕು, 1,800 ಹೆಚ್ಚು. ಕೆಳಸಾಲಿನ ಮೊತ್ತ 17,540ರಿಂದ 19,340ಕ್ಕೆ ಏರುತ್ತದೆ. ಹಳೆಯ ಶಟರ್ ಮರದ ಗೆರೆಯದ್ದೆಂಬ ಒಂದೇ ಕಾರಣಕ್ಕೆ ಹೊಸದೂ ಹಾಗೇ ಇರಲಿ ಎನ್ನುವವರು ಈ ಶೀಟಿನ ಬೆಲೆಯನ್ನು ಎದುರಿಗಿಟ್ಟುಕೊಂಡು ತೀರ್ಮಾನಿಸಲಿ. ನನ್ನ ಮಟ್ಟಿಗೆ ಒಂದೇ ಬಣ್ಣದ ಮೈಕಾ ಸರಿ.

ಎಂಟು ಶಟರ್‌ನ ಬಾಬ್ತು ಹೀಗಿದೆ: ಪ್ಲೈ 4,160, ಹೊರ ಮೈಕಾ 1,800, ಒಳ ಮೈಕಾ 900, ಹದಿನಾರು ಹಿಂಜ್ 2,880, ಪಟ್ಟಿ 300, ಅಂಟು 600. ಸಾಮಾನಿಗೇ 10,640. ಶೇ 18ರ ಜಿಎಸ್‌ಟಿಯಂತೆ ಅದರೊಳಗೆ ತೆರಿಗೆಯ ಪಾಲು ಸುಮಾರು 1,623 ರೂಪಾಯಿ. ಆಟೊ 600, ಬಡಗಿ ಮತ್ತು ಸಹಾಯಕನ ಮೂರು ದಿನಕ್ಕೆ 6,300. ಇಲ್ಲಿ ದೊಡ್ಡ ಬಾಬ್ತು ಕೂಲಿ. ಎರಡನೆಯದು ಪ್ಲೈ. ಹಿಂಜ್ ಮೂರನೆಯದು, ಮೈಕಾಗಿಂತಲೂ ಹೆಚ್ಚು. ಬಣ್ಣದ ಬಗ್ಗೆ ವಾರಗಟ್ಟಲೆ ಚರ್ಚಿಸಿ ಹಿಂಜ್ ಆಯ್ಕೆಯನ್ನು ಬಡಗಿಗೆ ಬಿಡುವ ಮನೆಯವರು ಈ ಸಾಲನ್ನು ಇನ್ನೊಮ್ಮೆ ಓದಲಿ.

ಹಾಗಾದರೆ ಮೇಲಿನ ಆರನ್ನೂ ಸೇರಿಸಿ ಹದಿನಾಲ್ಕೂ ಮಾಡಿಸಿದರೆ ಇನ್ನೂ ಅಗ್ಗವಾಗಬೇಕಲ್ಲವೇ? ಇಲ್ಲ. ಎರಡನೆಯ ಪ್ಲೈ, ಎರಡನೆಯ ಜೊತೆ ಮೈಕಾ, ಇಪ್ಪತ್ತೆಂಟು ಹಿಂಜ್, ಇಬ್ಬರಿಗೆ ಐದು ದಿನದ ಕೂಲಿ ಸೇರಿ ಮೊತ್ತ 31,570ಕ್ಕೆ ನಿಲ್ಲುತ್ತದೆ. ಒಂದಕ್ಕೆ 2,255. ಎಂಟರ ದರಕ್ಕಿಂತ ಇದು 62 ರೂಪಾಯಿ ಹೆಚ್ಚು, ಏಕೆಂದರೆ ಎರಡನೆಯ ಶೀಟಿನಲ್ಲಿ 14 ಚದರಡಿ ಉಳಿದುಬಿಡುತ್ತದೆ. ಉಳಿತಾಯ ಇರುವುದು ಶೀಟು ತುಂಬುವ ಕಡೆ, ಮತ್ತು ಈ ಅಡುಗೆಮನೆಯಲ್ಲಿ ಶೀಟು ತುಂಬುವುದು ಒಂದು ಸಾಲಿಗೆ.

ಬಣ್ಣದ ತಲೆನೋವು ತೀರುವುದೂ ಇಲ್ಲೇ. ಇಪ್ಪತ್ತು ವರ್ಷದ ಹಿಂದಿನ ಮೈಕಾದ ನಂಬರ್ ಇಂದಿನ ಫೋಲ್ಡರ್‌ನಲ್ಲಿ ಸಿಗುವುದು ಅಪರೂಪ. ಸಿಕ್ಕರೂ ಹೊಸ ಶೀಟು ಹೊಸ ಬಣ್ಣದ್ದು, ನಿಮ್ಮದು ಒಗ್ಗರಣೆಯ ಹೊಗೆಯನ್ನೂ ಕಿಟಕಿಯ ಬಿಸಿಲನ್ನೂ ಕುಡಿದದ್ದು. ಹಳೆಯ ಶಟರ್‌ನ ಹ್ಯಾಂಡಲ್ ಬಿಚ್ಚಿ ನೋಡಿದರೆ ಅದರ ಅಡಿಯಲ್ಲಿ ಬೆರಳಗಲದ ಮೂಲ ಬಣ್ಣ ಕಾಣುತ್ತದೆ. ಸುತ್ತಲಿನ ಮೈಗೂ ಅದಕ್ಕೂ ಎಷ್ಟು ವ್ಯತ್ಯಾಸ ಎಂಬುದು ಆಗ ಗೊತ್ತಾಗುತ್ತದೆ. ಮೂರೇ ಶಟರ್ ಬದಲಿಸುವುದೆಂದು ಗಟ್ಟಿ ಮಾಡಿದ್ದರೆ ಬಣ್ಣ ಹೊಂದಿಸಬೇಕಾದದ್ದು ಮಾಸಿದ ಮೈಗೆ, ಹ್ಯಾಂಡಲ್ ಅಡಿಯ ಬಣ್ಣಕ್ಕಲ್ಲ. ಮೊದಲು ಸೋಪು ನೀರಲ್ಲಿ ಜಿಡ್ಡು ತೊಳೆಯಿರಿ, ಆಮೇಲೆ ಚಿಕ್ಕ ಡ್ರಾಯರ್‌ನ ಮುಖವನ್ನೇ ಬಿಚ್ಚಿಕೊಂಡು ಅಂಗಡಿಗೆ ಹೋಗಿ. ಫೋಟೊ ತೋರಿಸಿ ಬಣ್ಣ ಆರಿಸಬೇಡಿ. ಸ್ಯಾಂಪಲ್ ತುಂಡನ್ನು ಮನೆಗೆ ತಂದು ಬೆಳಗಿನ ಬೆಳಕಲ್ಲೊಮ್ಮೆ, ರಾತ್ರಿ ನಿಮ್ಮ ಅಡುಗೆಮನೆಯ ದೀಪದಲ್ಲೊಮ್ಮೆ ಹಳೆಯದರ ಪಕ್ಕ ಹಿಡಿಯಿರಿ. 6,500 ಕೆಲ್ವಿನ್‌ನ ಬಿಳಿ ಎಲ್‌ಇಡಿಯಲ್ಲಿ ಒಂದೇ ಎನಿಸಿದ ಎರಡು ಕೆನೆ ಬಣ್ಣಗಳು 3,000 ಕೆಲ್ವಿನ್‌ನ ಹಳದಿ ದೀಪದಲ್ಲಿ ಬೇರೆಯಾಗಬಹುದು.

ಇಡೀ ಕೆಳಸಾಲು ಬದಲಿಸಿದರೆ ಈ ಹುಡುಕಾಟವೇ ಬೇಡ. ಮೇಲೆ ಹಳೆಯ ಕೆನೆ ಬಣ್ಣ, ಕೆಳಗೆ ಬೂದು ಅಥವಾ ಕಡುಹಸಿರು. ಎರಡರ ನಡುವೆ ಗ್ರಾನೈಟೂ ಟೈಲ್ಸೂ ಇರುವುದರಿಂದ ಬಣ್ಣಗಳು ಒಂದಕ್ಕೊಂದು ತಾಗುವುದೇ ಇಲ್ಲ. ನೋಡಿದವರು ಬೇಕೆಂದೇ ಹೀಗೆ ಮಾಡಿಸಿದ್ದಾರೆ ಎಂದುಕೊಳ್ಳುತ್ತಾರೆ, ಮತ್ತು ಅದು ನಿಜವೂ ಹೌದು. ಎರಡೂ ಸಾಲನ್ನು ಒಂದೇ ಮನೆಯದ್ದೆಂದು ಕಾಣಿಸಲು ಹದಿನಾಲ್ಕಕ್ಕೂ ಒಂದೇ ಹ್ಯಾಂಡಲ್ ಹಾಕಿಸಿ. 150ರ ಹ್ಯಾಂಡಲ್ ಆದರೆ 2,100 ರೂಪಾಯಿ. ಹಳೆಯ ಹ್ಯಾಂಡಲ್‌ನ ಎರಡು ತೂತುಗಳ ನಡುವಿನ ದೂರ ಮಾತ್ರ ಅಳೆದುಕೊಳ್ಳಿ. ಈಗಿನವು ಹೆಚ್ಚಾಗಿ 96, 128, 160 ಮಿ.ಮೀ. ದೂರದವು. ಹಳೆಯದು ನಾಲ್ಕಿಂಚಿನದಾಗಿದ್ದರೆ, ಅಂದರೆ 101.6 ಮಿ.ಮೀ., 96ರದ್ದು ಅದೇ ತೂತಿಗೆ ಕೂರದು. ಮೇಲ್ಸಾಲಿನಲ್ಲಿ ಹಳೆಯ ತೂತು ಮುಚ್ಚುವ ಅಗಲ ಪಟ್ಟಿಯ ಹ್ಯಾಂಡಲ್ ಆರಿಸಬೇಕಾಗುತ್ತದೆ.

ಕೈ ಹಿಡಿತ ಬಿಗಿಯಿದ್ದವರಿಗೆ ನಡುವಿನ ದಾರಿಯೊಂದಿದೆ. ಮೂರು ಹೊಸದು, ಉಳಿದ ಐದಕ್ಕೆ ಹೊಸ ಮೈಕಾ ಮಾತ್ರ. ಹೇಗೂ ಶೀಟಿನಲ್ಲಿ ಎಂಟಕ್ಕೂ ಮೈಕಾ ಇದೆ. ಪಟ್ಟಿಗೆ 180, ಅಂಟಿಗೆ 300, ಇಬ್ಬರಿಗೆ ಇನ್ನೊಂದು ದಿನಕ್ಕೆ 2,100 ಸೇರಿಸಿದರೆ 13,100. ಇಡೀ ಸಾಲಿಗಿಂತ 4,440 ಕಡಿಮೆ. ಆದರೆ ಆ ಐದೂ ಗಟ್ಟಿಯಾಗಿರಬೇಕು. ಬೆರಳ ಗೆಣ್ಣಿನಿಂದ ತಟ್ಟಿದಾಗ ಎಲ್ಲಾದರೂ ಟೊಳ್ಳು ಸದ್ದು ಬಂದರೆ ಹಳೆಯ ಮೈಕಾ ಬಿಟ್ಟಿದೆ ಎಂದೇ ಅರ್ಥ, ಅದರ ಮೇಲೆ ಹೊಸದು ನಿಲ್ಲದು. ಮರಳು ಕಾಗದದಿಂದ ಮೈ ಒರಟು ಮಾಡದೆ ಅಂಟು ಹಚ್ಚಲೂಬಾರದು. ಒಂದೇ ಬದಿಗೆ ಪದರ ಕೂಡುವುದರಿಂದ ತೆಳು ಶಟರ್ ಬಾಗುವ ಸಂಭವವೂ ಉಂಟು. ಹೊಸ ಶಟರ್‌ನ ಒಳಮೈಗೆ 900 ರೂಪಾಯಿಯ ಬಿಳಿ ಮೈಕಾ ತಪ್ಪಿಸಬೇಡಿ ಎನ್ನುವುದೂ ಇದೇ ಕಾರಣಕ್ಕೆ. ಹೊರಗೊಂದು ಒಳಗೊಂದು ಇದ್ದರೇ ಹಲಗೆ ನೇರ ನಿಲ್ಲುವುದು.

ಪ್ಲೈ ಕೊಳ್ಳುವಾಗ ಶೀಟಿನ ಮೇಲಿನ ಮುದ್ರೆ ನೋಡಿ. ಐಎಸ್ 710 ಎಂದಿದ್ದರೆ ಅದು 72 ಗಂಟೆ ಕುದಿಯುವ ನೀರಿನ ಪರೀಕ್ಷೆಗೆ ಅಂಟು ತಾಳಬೇಕಾದ ದರ್ಜೆ. ಸಿಂಕ್ ಇರುವ ಸಾಲಿಗೆ ಅದೇ ಇರಲಿ. ಮೈಸೂರು ರಸ್ತೆಯ ನ್ಯೂ ಟಿಂಬರ್ ಯಾರ್ಡ್ ಬಡಾವಣೆ ಹತ್ತಿರವೇ ಇದೆ, ಒಂದೇ ಆಟೊದಲ್ಲಿ ಪ್ಲೈ ಮೈಕಾ ಎರಡೂ ಬರುತ್ತವೆ.

ಇನ್ನು ಅಳತೆ. ಬಡಗಿಗಳದ್ದು ಇಂಚು ಮತ್ತು ಸೂತ್ ಲೆಕ್ಕ, ಇಂಚಿಗೆ ಎಂಟು ಸೂತ್, ಒಂದು ಸೂತ್ ಎಂದರೆ 3 ಮಿ.ಮೀ.ಗಿಂತ ತುಸು ಹೆಚ್ಚು. ಕಾರ್ಖಾನೆಯವರದ್ದು ಮಿಲಿಮೀಟರ್. ಒಂದು ಶಟರ್‌ನಲ್ಲಿ ಅರ್ಧ ಸೂತ್ ತಪ್ಪಿದರೆ ಎಂಟರ ಸಾಲಿನ ಕೊನೆಗೆ ಅರ್ಧ ಇಂಚು. ಆದ್ದರಿಂದ ಹಳೆಯ ಶಟರ್ ಅಳೆಯಬೇಡಿ, ಚೌಕಟ್ಟಿನ ಬಾಯಿ ಅಳೆಯಿರಿ. ಅಗಲ ಮೂರು ಕಡೆ, ಎತ್ತರ ಮೂರು ಕಡೆ, ಮೂಲೆಯಿಂದ ಮೂಲೆಗೆ ಎರಡು. ಕರ್ಣಗಳೆರಡೂ ಸಮ ಇಲ್ಲದಿದ್ದರೆ ಚೌಕಟ್ಟೇ ವಾಲಿದೆ. ಹಳೆಯ ಶಟರ್ ಚೌಕಟ್ಟಿನ ಒಳಗೆ ಕೂರುತ್ತಿತ್ತೋ ಮೇಲೆ ಮುಚ್ಚುತ್ತಿತ್ತೋ ನೋಡಿ. ಒಳಗೆ ಕೂರುವುದಾದರೆ 16 ಕ್ರ್ಯಾಂಕ್ ಹಿಂಜ್ ಬೇಕು, ಪೂರ್ತಿ ಮುಚ್ಚುವುದಕ್ಕೆ ಜೀರೋ ಕ್ರ್ಯಾಂಕ್. ಎರಡು ಶಟರ್ ನಡುವಿನ ಒಂದೇ ಪಟ್ಟಿಯನ್ನು ಹಂಚಿಕೊಳ್ಳುವುದಾದರೆ 8 ಕ್ರ್ಯಾಂಕ್. ಇದು ಕಲಸಿದರೆ ಹೊಸ ಮೂರು ಶಟರ್ ಹಳೆಯ ಐದರ ಮುಂದೆ ಮುಕ್ಕಾಲು ಇಂಚು ಚಾಚಿ ನಿಲ್ಲುತ್ತವೆ. ಆಮೇಲೆ ಎಷ್ಟೇ ಬಣ್ಣ ಹೊಂದಿಸಿದರೂ ವ್ಯರ್ಥ. ಹಿಂಜ್‌ನ ಬಟ್ಟಲು 35 ಮಿ.ಮೀ. ಅಗಲ, ಸುಮಾರು 12 ಮಿ.ಮೀ. ಆಳ. 12 ಮಿ.ಮೀ. ಪ್ಲೈನಲ್ಲಿ ಉಳಿತಾಯ ಮಾಡಲು ಹೋದರೆ ಬಟ್ಟಲು ಹಲಗೆಯನ್ನೇ ತೂತು ಮಾಡುತ್ತದೆ. ಒಂದು ಶಟರ್ ಹತ್ತಿರ ಹತ್ತಿರ 5 ಕಿಲೋ ತೂಗುತ್ತದೆ, ಈ ಎತ್ತರಕ್ಕೆ ಎರಡು ಹಿಂಜ್ ಸಾಕು.

ಗುತ್ತಿಗೆಗೆ ಕೊಡುವವರಿಗೆ ಕೊಟೇಶನ್ ಬರುವುದು ಚದರಡಿಯಲ್ಲಿ. ಈ ಲೆಕ್ಕವನ್ನೇ ಹಾಗೆ ಭಾಗಿಸಿದರೆ ಮೂರು ಶಟರ್‌ಗೆ ಚದರಡಿಗೆ 1,002 ರೂಪಾಯಿ, ಎಂಟಕ್ಕೆ 626, ಹದಿನಾಲ್ಕಕ್ಕೆ 686. ಸಣ್ಣ ಕೆಲಸಕ್ಕೆ ಸಾವಿರ ಕೇಳಿದವರು ಮೋಸ ಮಾಡುತ್ತಿದ್ದಾರೆ ಎಂದೇನೂ ಅಲ್ಲ, ಅವರೂ ಇಡೀ ಶೀಟು ಕೊಳ್ಳಲೇಬೇಕು. ಆದರೆ ಎಂಟು ಶಟರ್‌ಗೂ ಅದೇ ಸಾವಿರ ಎಂದರೆ 28,000 ಆಗುತ್ತದೆ. ಆಗ ಶೀಟಿನ ನಕ್ಷೆ, ಹಿಂಜ್ ಸಂಖ್ಯೆ, ಕೂಲಿ ದಿನ ಮೂರನ್ನೂ ಬೇರೆ ಬೇರೆ ಬರೆದುಕೊಡಿ ಎಂದು ಕೇಳಿ. ಬಳಸದೆ ಉಳಿದ ಮೈಕಾ ಯಾರದ್ದು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಸಿಕೊಳ್ಳಿ. ದುಡ್ಡು ಕೊಟ್ಟದ್ದು ಇಡೀ ಶೀಟಿಗೆ.