ಭೂಮಾಪನ ಮತ್ತು ಆಫ್ರಿಕದ ಸುಸ್ಥಿರ ಅಭಿವೃದ್ಧಿ: ವರ್ತಕರು ತಿಳಿಯಬೇಕಾದ ಸಂಗತಿಗಳು

ಯಾವುದೇ ಉದ್ದಿಮೆಯ ಅಢಾವೆ ಪತ್ರಿಕೆಯನ್ನು ತೆರೆದು ನೋಡಿದರೆ ಸ್ಥಿರಾಸ್ತಿಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲ ಸಾಲಿನಲ್ಲಿಯೇ ಭೂಮಿ ಕಾಣಿಸುತ್ತದೆ. ಯಂತ್ರಕ್ಕೆ, ಕಟ್ಟಡಕ್ಕೆ, ವಾಹನಕ್ಕೆ ಸವಕಳಿ ಉಂಟು; ಸ್ವಂತ ಭೂಮಿಗೆ ಇಲ್ಲ. ಆದರೆ ಆ ಒಂದು ಸಾಲು ಸತ್ಯವಾಗಿರಬೇಕಾದರೆ ಮೂರು ಪ್ರಶ್ನೆಗಳಿಗೆ ಸಮರ್ಪಕ ಉತ್ತರ ದೊರೆಯಬೇಕು: ಜಮೀನು ಎಲ್ಲಿದೆ? ಎಷ್ಟಿದೆ? ಯಾರದು? ಮೂರನೆಯ ಪ್ರಶ್ನೆಗೆ ವಕೀಲರೂ ನೋಂದಣಿ ಅಧಿಕಾರಿಗಳೂ ಉತ್ತರಿಸುವರು. ಮೊದಲೆರಡಕ್ಕೆ ಭೂಮಾಪಕರೇ ಉತ್ತರಿಸಬೇಕು. ಆ ಎರಡು ಉತ್ತರಗಳು ತಪ್ಪಿದಲ್ಲಿ ಮೂರನೆಯದಕ್ಕೆ ಅರ್ಥವೇ ಉಳಿಯುವುದಿಲ್ಲ.

ಈ ಮಾತು ಆಫ್ರಿಕ ಖಂಡಕ್ಕೆ ವಿಶೇಷವಾಗಿ ಅನ್ವಯಿಸುತ್ತದೆ. ವಿಶ್ವ ಬ್ಯಾಂಕು 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಆಫ್ರಿಕದ ಗ್ರಾಮೀಣ ಭೂಮಿಯಲ್ಲಿ ನೋಂದಣಿಯಾಗಿದ್ದುದು ಸುಮಾರು ಶೇ. 10 ಮಾತ್ರ. ಉಳಿದ ಭೂಮಿ ರೂಢಿ, ನೆನಪು ಮತ್ತು ಹಿರಿಯರ ಮಾತಿನ ಮೇಲೆ ನಿಂತಿತ್ತು. ಅಲ್ಲಿಯ ಮಾರುಕಟ್ಟೆಗಳತ್ತ ದೃಷ್ಟಿ ಹರಿಸುತ್ತಿರುವ ನಮ್ಮ ವರ್ತಕರೂ ಸಣ್ಣ ಉತ್ಪಾದಕರೂ ಈ ವಿಷಯವನ್ನು ಸ್ಥೂಲವಾಗಿಯಾದರೂ ಅರಿತಿರುವುದು ಒಳಿತು.

ಸಮಸ್ಯೆಯ ಮೂಲ

ವಸಾಹತು ಆಡಳಿತದ ಕಾಲದಲ್ಲಿ ಆಫ್ರಿಕದ ಹಲವು ದೇಶಗಳಲ್ಲಿ ಅಳತೆಯ ಕಾರ್ಯ ನಡೆದದ್ದು ಮುಖ್ಯವಾಗಿ ಪಟ್ಟಣಗಳಲ್ಲಿ, ಗಣಿ ಪ್ರದೇಶಗಳಲ್ಲಿ ಹಾಗೂ ಯುರೋಪಿಯನ್ನರ ತೋಟಗಳಲ್ಲಿ. ಅಲ್ಲಿ ಪ್ರತಿಯೊಂದು ಮೂಲೆಗೂ ಗಡಿಕಲ್ಲು ನೆಟ್ಟು ಅತಿ ಸೂಕ್ಷ್ಮವಾಗಿ ಅಳೆದರು. ಗ್ರಾಮಸ್ಥರ ಭೂಮಿ ಸಾಂಪ್ರದಾಯಿಕ ಪದ್ಧತಿಗೆ ಬಿಟ್ಟದ್ದಾಗಿ ಅಳತೆಯಿಲ್ಲದೆ ಉಳಿಯಿತು. ಸ್ವಾತಂತ್ರ್ಯಾನಂತರವೂ ಆ ಸೂಕ್ಷ್ಮ ಅಳತೆಯ ನಿಯಮಗಳೇ ಅನೇಕ ಕಡೆ ಮುಂದುವರಿದವು. ಪರಿಣಾಮವೇನೆಂದರೆ, ಅರ್ಧ ಎಕರೆಯ ರೈತನಿಗೆ ಮೋಜಣಿಯ ವೆಚ್ಚವೇ ಹೊರಲಾರದ ಹೊರೆಯಾಯಿತು. ಪರವಾನಗಿ ಪಡೆದ ಭೂಮಾಪಕರ ಸಂಖ್ಯೆಯಾದರೋ ಬಹಳ ಕಡಿಮೆ. ಇದೇ ವೇಗದಲ್ಲಿ ಸಾಗಿದರೆ ಇಡೀ ದೇಶವನ್ನು ಅಳೆಯಲು ಹಲವು ತಲೆಮಾರುಗಳೇ ಬೇಕಾಗುತ್ತಿದ್ದವು.

ಆದ್ದರಿಂದಲೇ 1878ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಗೊಂಡ ಅಂತಾರಾಷ್ಟ್ರೀಯ ಭೂಮಾಪಕರ ಒಕ್ಕೂಟವು ವಿಶ್ವ ಬ್ಯಾಂಕಿನೊಡನೆ ಸೇರಿ 2014ರಲ್ಲಿ ಒಂದು ಹೊಸ ಧೋರಣೆಯನ್ನು ಮುಂದಿಟ್ಟಿತು. ಉದ್ದೇಶಕ್ಕೆ ತಕ್ಕಷ್ಟು ನಿಖರತೆ ಸಾಕು. ಮೊದಲು ಎಲ್ಲರನ್ನೂ ದಾಖಲೆಯೊಳಗೆ ತರಬೇಕು, ಅನಂತರ ಅಗತ್ಯ ಬಿದ್ದಲ್ಲಿ ಅಳತೆಯನ್ನು ಸುಧಾರಿಸಿಕೊಳ್ಳಬೇಕು ಎಂಬುದು ಅದರ ಸಾರಾಂಶ. ಕೋಟಿ ರೂಪಾಯಿಯ ವಹಿವಾಟಿನಲ್ಲಿ ಪೈಸೆಯ ವ್ಯತ್ಯಾಸಕ್ಕಾಗಿ ಲೆಕ್ಕವನ್ನು ನಿಲ್ಲಿಸಬಾರದೆಂಬುದನ್ನು ಲೆಕ್ಕಪತ್ರ ಬಲ್ಲವರಿಗೆ ಬೇರೆ ಹೇಳಬೇಕಾಗಿಲ್ಲ.

ರುವಾಂಡದ ನಿದರ್ಶನ

ಈ ಧೋರಣೆಗೆ ಅತ್ಯುತ್ತಮ ಉದಾಹರಣೆ ರುವಾಂಡ. ಅದರ ವಿಸ್ತೀರ್ಣ ಸುಮಾರು 26,300 ಚದರ ಕಿ.ಮೀ., ಅಂದರೆ ಕರ್ನಾಟಕದ ಏಳನೆಯ ಒಂದು ಭಾಗ. ಗುಡ್ಡಗಾಡು ನೆಲ, ಅತ್ಯಧಿಕ ಜನಸಾಂದ್ರತೆ. 1994ರ ನರಮೇಧದ ಬಳಿಕ ವಲಸೆ ಹೋದವರು ಮರಳಿ ಬಂದಾಗ ಒಂದೇ ಹೊಲಕ್ಕೆ ಇಬ್ಬರು, ಮೂವರು ಹಕ್ಕುದಾರರು ಕಾಣಿಸಿಕೊಂಡರು. ಭೂವ್ಯಾಜ್ಯವು ಅಲ್ಲಿ ನ್ಯಾಯಾಲಯದ ವಿಷಯ ಮಾತ್ರವಾಗಿರದೆ ದೇಶದ ಶಾಂತಿಯ ಪ್ರಶ್ನೆಯೇ ಆಗಿತ್ತು.

2005ರಲ್ಲಿ ಭೂ ಕಾಯಿದೆ ಜಾರಿಗೆ ಬಂದ ಮೇಲೆ ಕೆಲವು ಕಡೆ ಪ್ರಾಯೋಗಿಕವಾಗಿ ಕಾರ್ಯ ನಡೆಸಿ, 2009ರಿಂದ 2013ರ ಅವಧಿಯಲ್ಲಿ ದೇಶದಾದ್ಯಂತ ಒಂದು ಕೋಟಿಗೂ ಮಿಕ್ಕಿದ ಹಿಡುವಳಿಗಳನ್ನು ಗುರುತಿಸಲಾಯಿತು. ಪ್ರತಿ ಹಿಡುವಳಿಗೆ ತಗುಲಿದ ವೆಚ್ಚ ಸುಮಾರು 6ರಿಂದ 7 ಡಾಲರ್ ಮಾತ್ರ. ಇದು ಸಾಧ್ಯವಾದ ಕ್ರಮ ಹೀಗಿದೆ:

1. ವಿಮಾನದಿಂದ ತೆಗೆದ ಛಾಯಾಚಿತ್ರಗಳನ್ನು ಅಳತೆಗೆ ಸರಿಹೊಂದುವಂತೆ ತಿದ್ದಿ, ದೊಡ್ಡ ಹಾಳೆಗಳಲ್ಲಿ ಮುದ್ರಿಸಲಾಯಿತು.

2. ಆಯಾ ಗ್ರಾಮದವರನ್ನೇ ಆರಿಸಿ ಸಹಾಯಕ ಭೂಮಾಪಕರಾಗಿ ತರಬೇತಿ ನೀಡಲಾಯಿತು. ಅವರು ಹಕ್ಕುದಾರರೊಡನೆಯೂ ನೆರೆಹೊಲದವರೊಡನೆಯೂ ಗಡಿಯುದ್ದಕ್ಕೂ ನಡೆದು, ಬದು, ಬೇಲಿ, ಕಾಲುದಾರಿಗಳನ್ನು ಅನುಸರಿಸಿ ಆ ಹಾಳೆಯ ಮೇಲೆ ಗೆರೆ ಎಳೆದರು.

3. ಹಕ್ಕುದಾರರ ಹೆಸರನ್ನು ದಾಖಲಿಸಿ ಅಲ್ಲಿಯೇ ರಸೀದಿ ಕೊಡಲಾಯಿತು. ವಿವಾದಗಳನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದುಕೊಳ್ಳಲಾಯಿತು.

4. ಪಟ್ಟಿಯನ್ನು ಸಾರ್ವಜನಿಕವಾಗಿ ಪ್ರದರ್ಶಿಸಿ ಆಕ್ಷೇಪಣೆಗೆ ಕಾಲಾವಕಾಶ ಕೊಟ್ಟ ಬಳಿಕ ಗಣಕಯಂತ್ರಕ್ಕೆ ಏರಿಸಿ ಹಕ್ಕುಪತ್ರ ನೀಡಲಾಯಿತು.

ಇಲ್ಲಿ ಪದವೀಧರ ಭೂಮಾಪಕರ ಪಾತ್ರ ಕಡಿಮೆಯಾಯಿತೆಂದು ಭಾವಿಸಬಾರದು. ಅವರು ಸರಪಳಿ ಹಿಡಿಯುವುದರ ಬದಲು ಚಿತ್ರಗಳ ನಿಖರತೆ, ತರಬೇತಿ ಹಾಗೂ ತಪಾಸಣೆಯ ಹೊಣೆ ಹೊತ್ತರು. ಒಬ್ಬ ಲೆಕ್ಕ ಪರಿಶೋಧಕನು ಪ್ರತಿಯೊಂದು ಚೀಟಿಯನ್ನೂ ತಾನೇ ಬರೆಯುವುದಿಲ್ಲ; ಬರೆಯುವ ಪದ್ಧತಿ ಸರಿಯಾಗಿದೆಯೇ ಎಂದು ನೋಡುತ್ತಾನೆ. ಇದೂ ಅಂತೆಯೇ.

ಅಳತೆಗೂ ಮಣ್ಣಿಗೂ ಇರುವ ನಂಟು

ಭೂಮಾಪನಕ್ಕೂ ಸುಸ್ಥಿರ ಅಭಿವೃದ್ಧಿಗೂ ಏನು ಸಂಬಂಧ ಎಂದು ಕೇಳಬಹುದು. ರುವಾಂಡದ ಇಳಿಜಾರು ಹೊಲಗಳಲ್ಲಿ ಮಳೆ ಬಂದರೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಅದನ್ನು ತಡೆಯಲು ಬದು ಹಾಕಬೇಕು, ಮೆಟ್ಟಿಲುಗಟ್ಟಿ ನೆಲ ಸಮಮಾಡಬೇಕು, ಮರ ನೆಡಬೇಕು. ಇವುಗಳ ಫಲ ದೊರೆಯಲು ವರ್ಷಗಳು ಬೇಕು. ನಾಳೆ ಹೊಲ ಕೈಬಿಟ್ಟುಹೋಗಬಹುದೆಂಬ ಅಂಜಿಕೆಯುಳ್ಳವನು ಇಂದು ಬದುವಿಗೆ ಹಣ ಹಾಕುವನೇ? ಬಾಡಿಗೆ ಕಟ್ಟಡಕ್ಕೆ ಯಾವ ವರ್ತಕನೂ ಹೊಸ ಛಾವಣಿ ಹಾಕಿಸುವುದಿಲ್ಲ.

ಪ್ರಾಯೋಗಿಕ ಪ್ರದೇಶಗಳಲ್ಲಿ ವಿಶ್ವ ಬ್ಯಾಂಕಿನ ಸಂಶೋಧಕರು ನಡೆಸಿದ ಅಧ್ಯಯನವು ಈ ಊಹೆಯನ್ನು ಸಮರ್ಥಿಸಿತು. ದಾಖಲೆಯಾದ ಕಡೆ ಮಣ್ಣಿನ ಸಂರಕ್ಷಣೆಯ ಮೇಲಿನ ಹೂಡಿಕೆ ಗಮನಾರ್ಹವಾಗಿ ಏರಿತು. ಮಹಿಳೆಯರು ಯಜಮಾನರಾಗಿದ್ದ ಕುಟುಂಬಗಳಲ್ಲಿ ಈ ಏರಿಕೆ ಇನ್ನೂ ಹೆಚ್ಚಾಗಿತ್ತು. ಹಕ್ಕುಪತ್ರ ಕೈಸೇರಿದೊಡನೆ ಬಡವರು ಭೂಮಿ ಮಾರಿಬಿಡುವರೆಂಬ ಭಯವೂ ನಿಜವಾಗಲಿಲ್ಲ. ಆದರೆ ಒಂದು ನ್ಯೂನತೆಯೂ ಕಂಡುಬಂದಿತು. ಕಾನೂನುಬದ್ಧವಾಗಿ ವಿವಾಹ ನೋಂದಣಿಯಾದ ಸ್ತ್ರೀಯರಿಗೆ ಹಕ್ಕು ಗಟ್ಟಿಯಾಯಿತೇ ಹೊರತು, ನೋಂದಣಿಯಿಲ್ಲದೆ ಸಂಸಾರ ನಡೆಸುತ್ತಿದ್ದವರಿಗೆ ಅಷ್ಟು ಪ್ರಯೋಜನವಾಗಲಿಲ್ಲ. ಯಾರ ಹೆಸರು ಬರೆಯಬೇಕೆಂಬ ನಮೂನೆಯ ಒಂದು ಕಾಲಂ ಎಷ್ಟು ಮುಖ್ಯವೆಂಬುದಕ್ಕೆ ಇದು ಸಾಕ್ಷಿ.

ಇಥಿಯೋಪಿಯದಲ್ಲಿ 1998ರಿಂದ ಟಿಗ್ರಾಯ್ ಪ್ರಾಂತದಲ್ಲಿ ಆರಂಭವಾದ ಕಾರ್ಯವೂ ಗಮನಾರ್ಹ. ಅಲ್ಲಿ ಮೊದಲ ಹಂತದಲ್ಲಿ ಹಗ್ಗದಿಂದ ಅಳೆದು, ನಮ್ಮ ಕ್ರಯಪತ್ರಗಳ ಚೆಕ್ಕುಬಂದಿಯಂತೆ ನೆರೆಯವರ ಹೆಸರು ಬರೆದು, ನಕ್ಷೆಯಿಲ್ಲದ ಪ್ರಮಾಣಪತ್ರಗಳನ್ನು ಬಹಳ ಅಗ್ಗವಾಗಿ ವಿತರಿಸಲಾಯಿತು. ನೆರೆಯವನು ಬದಲಾದರೆ ಚೆಕ್ಕುಬಂದಿಯೂ ಹಳತಾಗುವುದಷ್ಟೆ. ಆದ್ದರಿಂದ ಎರಡನೆಯ ಹಂತದಲ್ಲಿ ಚಿತ್ರಗಳ ನೆರವಿನಿಂದ ನಕ್ಷೆ ಸಹಿತ ಪತ್ರ ನೀಡುವ ಕಾರ್ಯ ಕೈಗೊಳ್ಳಲಾಯಿತು.

ನಗರಗಳಲ್ಲಿ ಭೂಮಾಪನ

ನಗರಗಳ ಸಮಸ್ಯೆ ಬೇರೆ ಬಗೆಯದು. ನಮೀಬಿಯ ದೇಶವು 2012ರಲ್ಲಿ ಮಾಡಿದ ಕಾಯಿದೆಯಂತೆ ಅನಧಿಕೃತ ಬಡಾವಣೆಯ ಹೊರಗಡಿಯನ್ನು ಮಾತ್ರ ಭೂಮಾಪಕರು ನಿಖರವಾಗಿ ಅಳೆಯುತ್ತಾರೆ. ಒಳಗಿನ ನಿವಾಸಿಗಳಿಗೆ ಪ್ರಾರಂಭಿಕ ಹಕ್ಕು ದೊರೆಯುತ್ತದೆ. ಮುಂದೆ ನಿವೇಶನಗಳನ್ನು ಒಂದೊಂದಾಗಿ ಅಳೆದಾಗ ಅಡಮಾನಕ್ಕೆ ಅರ್ಹವಾದ ಮೇಲ್ದರ್ಜೆಯ ಹಕ್ಕಿಗೆ ಏರಬಹುದು.

ತಾಂಜಾನಿಯದ ದಾರ್ ಎಸ್ ಸಲಾಮ್ ನಗರದಲ್ಲಿ 2015ರಲ್ಲಿ ಆರಂಭವಾದ ‘ರಮಾನಿ ಹುರಿಯ’ ಯೋಜನೆಯಲ್ಲಿ ವಿದ್ಯಾರ್ಥಿಗಳೂ ಬಡಾವಣೆಯ ಜನರೂ ಸೇರಿ ಚರಂಡಿ, ರಸ್ತೆ, ಮನೆಗಳ ನಕ್ಷೆ ತಯಾರಿಸಿದರು. ಪ್ರವಾಹದ ನೀರು ಯಾವ ಓಣಿಗೆ ನುಗ್ಗುತ್ತದೆಂಬುದನ್ನು ಅಧಿಕಾರಿಗಳು ಅದರಿಂದ ತಿಳಿಯುವಂತಾಯಿತು. ಸಿಯೆರಾ ಲಿಯೋನ್‌ನ ರಾಜಧಾನಿ ಫ್ರೀಟೌನ್‌ನಲ್ಲಿ 2020ರ ಆಸ್ತಿ ತೆರಿಗೆ ಸುಧಾರಣೆಯ ವೇಳೆ ಉಪಗ್ರಹ ಚಿತ್ರಗಳ ನೆರವಿನಿಂದ ಎಣಿಸಿದಾಗ ತೆರಿಗೆ ಪುಸ್ತಕದಲ್ಲಿನ ಆಸ್ತಿಗಳ ಸಂಖ್ಯೆ ಸುಮಾರು ಇಮ್ಮಡಿಯಾಯಿತು. ತೆರಿಗೆ ಕಟ್ಟುತ್ತಿದ್ದವರ ಮೇಲೆಯೇ ಮತ್ತೆ ಮತ್ತೆ ಹೊರೆ ಹೇರುವ ಬದಲು, ಪಟ್ಟಿಯಿಂದ ಹೊರಗುಳಿದವರನ್ನು ಒಳತರುವುದು ನ್ಯಾಯವೆಂಬುದನ್ನು ವರ್ತಕ ಬಾಂಧವರು ಒಪ್ಪದಿರಲಾರರು.

ಎಚ್ಚರಿಕೆಯ ಒಂದು ಪಾಠ

ಅಳತೆಯನ್ನೂ ಸ್ಥಳದ ಗುಣವನ್ನೂ ಅರಿಯದೆ ಮುಂದುವರಿದರೆ ಏನಾಗಬಹುದೆಂಬುದಕ್ಕೆ ನಮ್ಮ ನಾಡಿಗೆ ಸಂಬಂಧಿಸಿದ ನಿದರ್ಶನವೇ ಇದೆ. ಬೆಂಗಳೂರು ಮೂಲದ ಹೂವಿನ ಉದ್ದಿಮೆಯೊಂದು ಇಥಿಯೋಪಿಯದ ಗಂಬೆಲ ಪ್ರಾಂತದಲ್ಲಿ 1 ಲಕ್ಷ ಹೆಕ್ಟೇರ್ ಭೂಮಿಯನ್ನು 2010ರಲ್ಲಿ ಗುತ್ತಿಗೆಗೆ ಪಡೆಯಿತು. ಬಾರೊ ನದಿಯ ಬಯಲಿನ ಆ ಭೂಮಿಯಲ್ಲಿ ಬೆಳೆದ ಮೆಕ್ಕೆಜೋಳ 2011ರ ಪ್ರವಾಹಕ್ಕೆ ಸಿಲುಕಿ ಹಾಳಾಯಿತು. ತಲೆತಲಾಂತರದಿಂದ ಆ ನೆಲವನ್ನು ಬಳಸುತ್ತಿದ್ದ ಸ್ಥಳೀಯರ ಹಕ್ಕಿನ ಪ್ರಶ್ನೆಯೂ ಎದ್ದಿತು. ನಿಗದಿತ ರೀತಿಯಲ್ಲಿ ಅಭಿವೃದ್ಧಿಪಡಿಸಲಿಲ್ಲವೆಂದು ಸರ್ಕಾರವು 2015ರ ಕೊನೆಯಲ್ಲಿ ಗುತ್ತಿಗೆಯನ್ನು ರದ್ದುಮಾಡಿತು. ವಿವಾದದ ಸರಿ ತಪ್ಪುಗಳ ವಿಚಾರ ಇಲ್ಲಿ ಪ್ರಸ್ತುತವಲ್ಲ. ಆದರೆ ಸಮೋನ್ನತಿ ರೇಖೆಗಳ ನಕ್ಷೆ, ನೆರೆಯ ಮಟ್ಟದ ಗುರುತು, ಈಗಾಗಲೇ ಬಳಸುತ್ತಿರುವವರ ಪಟ್ಟಿ, ಈ ಮೂರೂ ಭೂಮಾಪಕರ ಕಸುಬಿಗೆ ಸೇರಿದವು. ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಅವು ಮೇಜಿನ ಮೇಲಿರಬೇಕೆಂಬ ಪಾಠ ಸ್ಪಷ್ಟ.

ದಾಖಲೆ ಜೀವಂತವಾಗಿರಬೇಕು

ಒಮ್ಮೆ ಅಳೆದು ಮುಗಿಸಿದರೆ ಸಾಲದು. ಮಾರಾಟ, ವಿಭಾಗ, ಉತ್ತರಾಧಿಕಾರಗಳು ದಾಖಲೆಗೆ ಬರದಿದ್ದರೆ ಕೆಲವೇ ವರ್ಷಗಳಲ್ಲಿ ಪುಸ್ತಕ ಬೇರೆ, ವಾಸ್ತವ ಬೇರೆ ಆಗುತ್ತದೆ. ರುವಾಂಡದಲ್ಲಿಯೂ ಹೊಲ ಚಿಕ್ಕದಿರಲಿ ದೊಡ್ಡದಿರಲಿ ವರ್ಗಾವಣೆಗೆ ಒಂದೇ ಶುಲ್ಕವಿದ್ದುದರಿಂದ ಸಣ್ಣ ರೈತರು ನೋಂದಣಿಯಿಲ್ಲದೆಯೇ ಕೈಬದಲಾಯಿಸುವ ಪ್ರವೃತ್ತಿ ಕಂಡುಬಂದಿತು. ಅಲ್ಲಿ 2023ರಿಂದ ಗಣಕೀಕೃತ ಹಕ್ಕುಪತ್ರ ಜಾರಿಯಲ್ಲಿದೆ. ಆದರೂ ಶುಲ್ಕ ಹಗುರವಾಗಿದ್ದು ಕಚೇರಿ ಹತ್ತಿರವಿದ್ದರೆ ಮಾತ್ರ ಯಂತ್ರ ಫಲಕೊಡುತ್ತದೆ. ಪಹಣಿ ಗಣಕೀಕರಣವಾದ ಬಳಿಕವೂ ಪೋಡಿಯಾಗದೆ ಜಂಟಿಯಾಗಿಯೇ ಉಳಿದ ಖಾತೆಗಳ ಪಾಡನ್ನು ಬಲ್ಲ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ.

ವರ್ತಕರ ಗಮನಕ್ಕೆ

ಆಫ್ರಿಕದಲ್ಲಿ ಗೋದಾಮು ಅಥವಾ ಘಟಕ ತೆರೆಯುವ ವಿಚಾರವುಳ್ಳವರು ಈ ಕೆಳಗಿನ ಅಂಶಗಳನ್ನು ನೆನಪಿನಲ್ಲಿಡಬೇಕು.

1. ಅಲ್ಲಿಯ ಕಾನೂನು ವಿದೇಶೀಯರಿಗೆ ಯಾವ ಬಗೆಯ ಹಕ್ಕು ನೀಡುತ್ತದೆಂದು ತಿಳಿಯಿರಿ. ಕೀನ್ಯದ 2010ರ ಸಂವಿಧಾನದಂತೆ ವಿದೇಶೀಯರಿಗೆ ಗರಿಷ್ಠ 99 ವರ್ಷಗಳ ಗುತ್ತಿಗೆ ಮಾತ್ರ ಸಾಧ್ಯ. ತಾಂಜಾನಿಯದಲ್ಲಿ ಎಲ್ಲ ಭೂಮಿಯೂ ಸಾರ್ವಜನಿಕ ಭೂಮಿ. ವಿದೇಶೀಯರಿಗೆ ಹೂಡಿಕೆಯ ಉದ್ದೇಶಕ್ಕಷ್ಟೇ ಹಕ್ಕು ದೊರೆಯುತ್ತದೆ. ಗುತ್ತಿಗೆಗೆ ತೆತ್ತ ಮುಂಗಡ ಹಣವನ್ನು ಅವಧಿಗೆ ಅನುಗುಣವಾಗಿ ವಜಾ ಮಾಡುತ್ತ ಹೋಗಬೇಕೇ ವಿನಾ ಸ್ವಂತ ಭೂಮಿಯಂತೆ ಹಾಗೆಯೇ ಇಡಲಾಗದು.

2. ಹಕ್ಕುಪತ್ರವನ್ನು ಮಾತ್ರ ನೋಡದೆ, ಪರವಾನಗಿಯುಳ್ಳ ಸ್ಥಳೀಯ ಭೂಮಾಪಕರಿಂದ ಗಡಿಯನ್ನು ಸ್ಥಳದಲ್ಲಿಯೇ ಗುರುತು ಮಾಡಿಸಿ, ಅಂದರೆ ನಮ್ಮಲ್ಲಿ ಹದ್ದುಬಸ್ತು ಮಾಡಿಸುವಂತೆ.

3. ದಾರಿ, ನೀರು, ದನಗಾಹಿಗಳ ಹಾದಿ ಮುಂತಾದ ರೂಢಿಯ ಹಕ್ಕುಗಳನ್ನು ಊರ ಹಿರಿಯರಲ್ಲಿ ವಿಚಾರಿಸಿ ಲಿಖಿತವಾಗಿ ದಾಖಲಿಸಿ.

4. ಮೋಜಣಿಯ ವೆಚ್ಚವನ್ನು ಯೋಜನಾ ವರದಿಯಲ್ಲಿ ಪ್ರತ್ಯೇಕ ಬಾಬ್ತಾಗಿ ತೋರಿಸಿ. ಅಲ್ಲಿ ಉಳಿಸಿದ ಹಣವನ್ನು ಮುಂದೆ ವ್ಯಾಜ್ಯದ ಖರ್ಚಾಗಿ ತೆರಬೇಕಾದೀತು.

ರಸ್ತೆ, ವಿದ್ಯುತ್ತು, ಬಂದರುಗಳನ್ನು ಅಭಿವೃದ್ಧಿಯ ಕುರುಹುಗಳೆಂದು ನಾವು ಎಣಿಸುತ್ತೇವೆ. ಅವೆಲ್ಲಕ್ಕೂ ಮೊದಲು ನೆಲದ ಮೇಲೆ ಒಂದು ಗೆರೆ ಬೀಳಬೇಕಾಗುತ್ತದೆ. ಆ ಗೆರೆ ನ್ಯಾಯವಾಗಿದ್ದು ನೆರೆಹೊರೆಯವರು ಒಪ್ಪಿದ್ದಾದರೆ ಮಾತ್ರ ಅದರ ಮೇಲೆ ಕಟ್ಟಿದ ಉದ್ದಿಮೆ ಬಾಳುತ್ತದೆ, ರೈತನ ಮಣ್ಣೂ ಉಳಿಯುತ್ತದೆ.