ಮೊದಲ ಕೈಕೋವಿಯ ಆಯ್ಕೆ

ಅಮೆರಿಕದ ಸಂಯುಕ್ತ ಸಂಸ್ಥಾನದಲ್ಲಿ ಆತ್ಮರಕ್ಷಣೆಗೆಂದು ಕೈಕೋವಿಯನ್ನು ಕೊಳ್ಳುವ ಗೃಹಸ್ಥರು ಬಹಳ ಮಂದಿ. ಮನೆಯೊಳಗೆ ಅದನ್ನು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪು ನೀಡಿತು. ನಮ್ಮ ದೇಶದ ರೀತಿ ಬೇರೆ. 1959ರ ಆಯುಧ ಅಧಿನಿಯಮದ ಪ್ರಕಾರ ಇಲ್ಲಿ ಪರವಾನಗಿಯಿಲ್ಲದೆ ಕೈಕೋವಿಯನ್ನು ಕೊಳ್ಳುವಂತಿಲ್ಲ. ಆದರೆ ಅಮೆರಿಕದಲ್ಲಿ ನೆಲಸಿರುವ ಕನ್ನಡಿಗರೂ ಅನೇಕರಿರುವುದರಿಂದ, ಈ ವಿಷಯ ನಮಗೆ ತೀರ ದೂರದ್ದೆಂದು ಹೇಳಲಾಗದು.

ಅಂಗಡಿಗೆ ಹೋದ ಹೊಸಬನು ಸಾಧಾರಣವಾಗಿ ಹೀಗೆ ಯೋಚಿಸುತ್ತಾನೆ: "ನನಗೆ ಅಭ್ಯಾಸವಿಲ್ಲ, ಆದುದರಿಂದ ಎಲ್ಲಕ್ಕಿಂತ ಚಿಕ್ಕದಾದ, ಹಗುರವಾದ ಕೋವಿಯೇ ಒಳ್ಳೆಯದು." ಮೇಲುನೋಟಕ್ಕೆ ಈ ತರ್ಕ ಸರಿಯೆಂದೇ ತೋರುತ್ತದೆ. ಇದು ಭೌತವಿಜ್ಞಾನದ ಪರೀಕ್ಷೆಗೆ ನಿಲ್ಲುವುದೇ ಎಂಬುದನ್ನು ನೋಡೋಣ.

ಕೈಕೋವಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ರಿವಾಲ್ವರು. ಸ್ಯಾಮ್ಯುಯೆಲ್ ಕೋಲ್ಟನು 1836ರಲ್ಲಿ ಅಮೆರಿಕದಲ್ಲಿ ಇದಕ್ಕೆ ಪೇಟೆಂಟು ಪಡೆದನು. ಇದರಲ್ಲಿ ತಿರುಗುವ ಒಂದು ಉರುಳೆಯುಂಟು; ಅದರಲ್ಲಿ ಸಾಮಾನ್ಯವಾಗಿ ಐದೋ ಆರೋ ತೋಟಾಗಳಿಗೆ ಮನೆಗಳಿರುತ್ತವೆ. ಎರಡನೆಯದು ಸ್ವಯಂಚಾಲಿತವಾಗಿ ತೋಟಾ ತುಂಬಿಕೊಳ್ಳುವ ಪಿಸ್ತೂಲು. ಇದರ ಹಿಡಿಯೊಳಗೆ ತೋಟಾಗಳ ಪೆಟ್ಟಿಗೆಯಿದೆ. ಒಂದು ಗುಂಡು ಹಾರಿದಾಗ ಉಂಟಾಗುವ ಬಲವೇ ಬರಿದಾದ ತೋಟಾವನ್ನು ಹೊರಕ್ಕೆಸೆದು ಮುಂದಿನದನ್ನು ನಳಿಗೆಗೆ ಏರಿಸುತ್ತದೆ. ಹೊಸಬರು ಇಲ್ಲಿ ಒಂದು ಅಂಶವನ್ನು ಎಂದಿಗೂ ಮರೆಯಬಾರದು. ಪೆಟ್ಟಿಗೆಯನ್ನು ಹೊರತೆಗೆದ ಮಾತ್ರಕ್ಕೆ ಪಿಸ್ತೂಲು ಬರಿದಾಗುವುದಿಲ್ಲ. ನಳಿಗೆಯ ಹಿಂಬದಿಯಲ್ಲಿ ಇನ್ನೊಂದು ತೋಟಾ ಉಳಿದಿರಬಹುದು. ರಿವಾಲ್ವರಿನಲ್ಲಾದರೋ ಉರುಳೆಯನ್ನು ತೆರೆದರೆ ಎಲ್ಲ ಮನೆಗಳೂ ಕಣ್ಣಿಗೆ ಕಾಣುತ್ತವೆ.

ಇನ್ನು ಹಿಂದೊದೆತದ ವಿಚಾರ. ಪ್ರತಿಯೊಂದು ಕ್ರಿಯೆಗೂ ಸಮನಾದ ಪ್ರತಿಕ್ರಿಯೆಯುಂಟೆಂಬ ನ್ಯೂಟನ್ನನ ನಿಯಮವನ್ನು ವಾಚಕರು ಬಲ್ಲರು. 1902ರಲ್ಲಿ ಬಳಕೆಗೆ ಬಂದು ಇಂದು ಬಹು ಪ್ರಚಾರದಲ್ಲಿರುವ 9 ಮಿಲಿಮೀಟರ್ ತೋಟಾವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರ ಗುಂಡಿನ ತೂಕ ಸುಮಾರು 7.5 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 350 ಮೀಟರು. ಇವೆರಡನ್ನೂ ಗುಣಿಸಿದರೆ ಬರುವ ಸಂವೇಗವನ್ನು ಕೋವಿಯು ಹಿಮ್ಮುಖವಾಗಿ ಪಡೆಯಲೇಬೇಕು. ಮದ್ದಿನ ಅನಿಲಗಳ ಪಾಲನ್ನು ಬಿಟ್ಟು ಲೆಕ್ಕ ಹಾಕಿದರೂ, 850 ಗ್ರಾಂ ತೂಕದ ಪಿಸ್ತೂಲು ಸೆಕೆಂಡಿಗೆ 3 ಮೀಟರಿನಷ್ಟು ವೇಗದಿಂದ ಹಿಂದಕ್ಕೆ ಒದೆಯುತ್ತದೆ. ಅದೇ ತೋಟಾವನ್ನು 425 ಗ್ರಾಂ ತೂಕದ ಪುಟ್ಟ ಪಿಸ್ತೂಲಿನಲ್ಲಿ ಹಾರಿಸಿದರೆ ವೇಗ 6 ಮೀಟರಿಗೆ ಏರುತ್ತದೆ. ಕೈಗೆ ತಾಗುವ ಶಕ್ತಿಯು ಸುಮಾರು 4 ಜೂಲ್‌ಗಳಿಂದ 8 ಜೂಲ್‌ಗಳಿಗೆ ಹೋಗುತ್ತದೆ. ಎಂದರೆ, ಕೋವಿಯ ತೂಕ ಅರ್ಧವಾದರೆ ಒದೆತದ ಶಕ್ತಿ ಇಮ್ಮಡಿ! ಚಿಕ್ಕ ಕೋವಿಯು ಜೇಬಿಗೆ ಹಗುರ, ಕೈಗೆ ಭಾರ. ಒದೆತಕ್ಕೆ ಹೆದರಿದ ಕೈ ಮುಂದಿನ ಸಲ ಗುಂಡು ಹಾರುವುದಕ್ಕೆ ಮೊದಲೇ ಅದುರುತ್ತದೆ, ಗುರಿ ತಪ್ಪುತ್ತದೆ.

ಕೋವಿಯು ಹಗುರವಾಗಿರಬೇಕಾದರೆ ತೋಟಾವೂ ಸೌಮ್ಯವಾಗಿರಬೇಕು. 2014ರಲ್ಲಿ ಕಾನ್ಪುರದ ಫೀಲ್ಡ್ ಗನ್ ಕಾರ್ಖಾನೆಯು ಮುಖ್ಯವಾಗಿ ಮಹಿಳೆಯರಿಗೆಂದು ಹೊರತಂದ 'ನಿರ್ಭೀಕ್' ರಿವಾಲ್ವರಿನ ತೂಕ ಸುಮಾರು 500 ಗ್ರಾಂ. ಅದು ಬಳಸುವುದು .32 ತೋಟಾವನ್ನು. ಇದರ ಗುಂಡಿಗೆ 9 ಮಿಲಿಮೀಟರಿನಷ್ಟು ತೂಕವೂ ಇಲ್ಲ, ವೇಗವೂ ಇಲ್ಲ.

ಗಾತ್ರವು ಗುರಿಯ ಮೇಲೆ ಮತ್ತೊಂದು ಬಗೆಯಿಂದಲೂ ಪರಿಣಾಮ ಬೀರುತ್ತದೆ. ಗುರಿ ಹಿಡಿಯುವವನು ಹಿಂಬದಿಯ ಕಚ್ಚಿನ ನಡುವೆ ನಳಿಗೆಯ ತುದಿಯ ಪುಟ್ಟ ಮೊಳೆಯನ್ನು ನೋಡುತ್ತಾನೆ. ಇವೆರಡರ ನಡುವಿನ ದೂರ 150 ಮಿಲಿಮೀಟರು ಇದ್ದು, ಮೊಳೆಯು ಒಂದು ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿದರೆ, 7 ಮೀಟರು ದೂರದಲ್ಲಿ ಗುಂಡು ಸುಮಾರು 47 ಮಿಲಿಮೀಟರು ತಪ್ಪುತ್ತದೆ. ಆ ದೂರ 100 ಮಿಲಿಮೀಟರೇ ಆದರೆ ತಪ್ಪು 70 ಮಿಲಿಮೀಟರಾಗುತ್ತದೆ.

ಟ್ರಿಗರನ್ನು ಎಳೆಯಲು ಬೇಕಾಗುವ ಬಲವೂ ಗಣನೆಗೆ ಬರತಕ್ಕದ್ದು. ಹಲವು ರಿವಾಲ್ವರುಗಳಲ್ಲಿ ಇದು 5 ಕಿಲೋಗ್ರಾಂ ತೂಕವನ್ನು ಎತ್ತುವಷ್ಟಿರುತ್ತದೆ. ಇಂದಿನ ಅನೇಕ ಪಿಸ್ತೂಲುಗಳಲ್ಲಿ ಅದರ ಅರ್ಧದಷ್ಟು. ಆದರೆ ಪಿಸ್ತೂಲಿಗೆ ಮೊದಲ ತೋಟಾವನ್ನು ಏರಿಸಲು ಅದರ ಮೇಲ್ಭಾಗವನ್ನು ಬಿಗಿಯಾದ ಸ್ಪ್ರಿಂಗಿಗೆ ಎದುರಾಗಿ ಹಿಂದಕ್ಕೆಳೆಯಬೇಕು. ಬೆರಳು ಸೋತವರಿಗೆ ಮೊದಲನೆಯದು ಕಷ್ಟ. ಮಣಿಕಟ್ಟು ಸೋತವರಿಗೆ ಎರಡನೆಯದು. ಹಿಡಿತವನ್ನು ಸಡಿಲಿಸದೆ ತೋರುಬೆರಳ ತುದಿಯು ಟ್ರಿಗರನ್ನು ಮುಟ್ಟದಿದ್ದರೆ ಆ ಕೋವಿ ಆ ಕೈಗೆ ಹೊಂದುವುದಿಲ್ಲವೆಂದೇ ತಿಳಿಯಬೇಕು.

ಇವೆಲ್ಲದರಿಂದ ಹೊರಡುವ ತೀರ್ಮಾನವೇನು? ಮನೆಯಲ್ಲಿ ಇಡುವುದಕ್ಕಾದರೆ ಹೊಸಬನಿಗೆ ಮಧ್ಯಮ ಗಾತ್ರದ 9 ಮಿಲಿಮೀಟರ್ ಪಿಸ್ತೂಲು, ಇಲ್ಲವೆ .38 ತೋಟಾದ ತಕ್ಕಷ್ಟು ಭಾರವಾದ ರಿವಾಲ್ವರು ಸೂಕ್ತ. ಒದೆತ ಅತ್ಯಲ್ಪವಾದ .22 ಕೋವಿಯಲ್ಲಿ ಮೊದಲು ಅಭ್ಯಾಸ ಮಾಡುವುದು ಮೇಲು. ಅಮೆರಿಕದ ಅನೇಕ ಗುರಿ ಅಭ್ಯಾಸದ ಅಂಗಣಗಳಲ್ಲಿ ಕೋವಿಗಳು ಬಾಡಿಗೆಗೆ ದೊರೆಯುತ್ತವೆ. ಶಿಕ್ಷಕರ ಎದುರಿನಲ್ಲಿ ನಾಲ್ಕಾರನ್ನು ಹಾರಿಸಿ ನೋಡಿದ ಮೇಲೆ ಕೊಳ್ಳುವುದೇ ಜಾಣತನ. ಅಲ್ಲಿ ಕಿವಿಗೆ ಮುಚ್ಚಳ ಅಗತ್ಯ. ಕೈಕೋವಿಯ ಸದ್ದು 150 ಡೆಸಿಬೆಲ್‌ಗಳನ್ನು ಮೀರುತ್ತದೆ, ಒಂದೇ ಹೊಡೆತವೂ ಕಿವಿಯನ್ನು ಕೆಡಿಸಬಲ್ಲುದು. ಗುರಿ ತಪ್ಪಿದ ಗುಂಡು ಅಲ್ಲಿನ ಮನೆಗಳ ಜಿಪ್ಸಮ್ ಹಲಗೆಯ ಗೋಡೆಗಳನ್ನು ಸುಲಭವಾಗಿ ತೂರಿಹೋಗುತ್ತದೆಂಬುದನ್ನೂ, ಗೋಡೆಯ ಆಚೆ ಮಲಗಿರುವವರು ನಮ್ಮವರೇ ಎಂಬುದನ್ನೂ ನೆನೆಯಬೇಕು.

ಕೊನೆಯದಾಗಿ, ಎಲ್ಲಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಕೋವಿಯು ಮನೆಗೆ ಬರಬೇಕೇ? ಕ್ಯಾಲಿಫೋರ್ನಿಯದ ಎರಡೂವರೆ ಕೋಟಿಗೂ ಹೆಚ್ಚು ವಯಸ್ಕರ ಕುರಿತು ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕೈಕೋವಿಯುಳ್ಳ ಗಂಡಸರಲ್ಲಿ ಆತ್ಮಹತ್ಯೆಯ ಪ್ರಮಾಣವು ಇಲ್ಲದವರಿಗಿಂತ ಮೂರು ಪಟ್ಟಿಗೂ ಹೆಚ್ಚಾಗಿ ಕಂಡುಬಂತು. ಹೆಂಗಸರಲ್ಲಿ ಏಳು ಪಟ್ಟು. ಕಳ್ಳನಿಗೆಂದು ತಂದ ಆಯುಧವು ಮನೆಯವರ ದುಃಖದ ಗಳಿಗೆಯಲ್ಲಿ ಕೈಗೆ ಸಿಕ್ಕುವುದೇ ಈ ಅಪಾಯದ ಮೂಲ. ಅಂತಹ ಗಳಿಗೆ ಬಹುಮಟ್ಟಿಗೆ ಕಳೆದುಹೋಗುವಂಥದು. ಆದರೆ ಗುಂಡು ಎರಡನೆಯ ಅವಕಾಶವನ್ನು ಕೊಡುವುದು ವಿರಳ. ಮಕ್ಕಳಿರುವ ಮನೆಯಲ್ಲಾದರೆ ಅವರ ಕುತೂಹಲವೂ ಇದಕ್ಕೆ ಸೇರುತ್ತದೆ.

ಆದುದರಿಂದ ಕೋವಿಗೆ ಕೊಡುವ ಹಣದಲ್ಲಿ ಬೀಗವುಳ್ಳ ಉಕ್ಕಿನ ಪೆಟ್ಟಿಗೆಯ ಬೆಲೆಯನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು. ಮನೆಯಲ್ಲಿ ಯಾರಾದರೂ ಮನಸ್ಸು ನೊಂದು ಕುಗ್ಗಿದ್ದರೆ ಆಯುಧವು ಸ್ವಲ್ಪ ಕಾಲ ಹೊರಗಿರುವುದೇ ಕ್ಷೇಮ. ಗಟ್ಟಿಯಾದ ಬಾಗಿಲು, ಒಳ್ಳೆಯ ಅಗಳಿ, ಹೊರಗೊಂದು ದೀಪ, ಎಚ್ಚರದ ನೆರೆಹೊರೆ—ಇವುಗಳಿಗೆ ಹಿಂದೊದೆತವಿಲ್ಲ. ಇವಿಷ್ಟೂ ಸಾಲದೆಂದು ಕಂಡಾಗ ಮಾತ್ರ ಕೋವಿಯ ಆಯ್ಕೆಗೆ ತೊಡಗುವುದು ಉಚಿತವೆಂದು ನಾವು ಭಾವಿಸುತ್ತೇವೆ.