ಕಟ್ಟು ಚೆಲ್ಲದ ಅಡುಗೆಮನೆ

ಮಂಡ್ಯ, ಹಾಸನ, ತುಮಕೂರು ಕಡೆಯ ಮನೆಗಳಲ್ಲಿ ಬಸ್ಸಾರು ಮಾಡುವ ದಿನ ಒಂದೇ ಪಾತ್ರೆಯಲ್ಲಿ ಬೆಂದದ್ದು ಎರಡು ಅಡುಗೆಯಾಗಿ ತಟ್ಟೆಗೆ ಬರುತ್ತದೆ. ಹೆಸರುಕಾಳೋ ಅಲಸಂದೆಯೋ ಮುಕ್ಕಾಲು ಬೆಂದಾಗ ದಂಟು, ಸಬ್ಬಸಿಗೆ, ಕೀರೆ ಹೀಗೆ ಅಂದು ಸಿಕ್ಕ ಸೊಪ್ಪನ್ನು ಹೆಚ್ಚಿ ಹಾಕಿ, ಉಪ್ಪು ಸೇರಿಸಿ ಬೇಯಿಸುತ್ತಾರೆ. ಆಮೇಲೆ ನೀರು ಬಸಿಯುತ್ತಾರೆ. ಆ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ತೆಂಗಿನಕಾಯಿ, ಹುಣಸೆಹಣ್ಣು, ಸಾರಿನ ಪುಡಿ ರುಬ್ಬಿ ಹಾಕಿ ಕುದಿಸಿದರೆ ಸಾರು. ಉಳಿದ ಕಾಳು-ಸೊಪ್ಪಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ಮಸಾಲೆ ರುಬ್ಬುವಾಗ ಬೆಂದ ಕಾಳು-ಸೊಪ್ಪಿನಲ್ಲೇ ಒಂದು ಹಿಡಿ ಸೇರಿಸುವುದನ್ನು ಕೈ ಪಳಗಿದವರು ಮರೆಯುವುದಿಲ್ಲ. ಸಾರು ಮುದ್ದೆಗೆ ಹಿಡಿಯುವಷ್ಟು ಗಟ್ಟಿಯಾಗುವುದು ಅದರಿಂದಲೇ.

ದಿನವೂ ಹೊಸದೇನು ಮಾಡುವುದು, ಮಕ್ಕಳಿಗೆ ಬೇರೆ ಏನು ಮಾಡುವುದು ಎಂದು ಹೈರಾಣಾಗುವ ಮನೆಗಳಿಗೆ ಈ ಹಳೆಯ ಲೆಕ್ಕಾಚಾರ ಇಂದಿಗೂ ಕೆಲಸಕ್ಕೆ ಬರುತ್ತದೆ. ಗ್ಯಾಸು, ಸಮಯ ಎರಡೂ ಉಳಿಯುತ್ತವೆ ಎಂಬುದಷ್ಟೇ ಅದರ ಲಾಭವಲ್ಲ. ಸೊಪ್ಪನ್ನು ನೀರಿನಲ್ಲಿ ಬೇಯಿಸಿದಾಗ ಬಿ ಗುಂಪಿನ ಜೀವಸತ್ವಗಳಲ್ಲಿ, ಪೊಟ್ಯಾಸಿಯಂನಲ್ಲಿ ಒಂದು ಪಾಲು ನೀರಿಗೆ ಇಳಿಯುತ್ತದೆ. ಆ ನೀರು ಮೋರಿಗೆ ಹೋದರೆ ಸೊಪ್ಪು ತಂದ ದುಡ್ಡಿನಲ್ಲಿ ಸ್ವಲ್ಪ ಮೋರಿಗೇ ಹೋದಂತೆ. ಬಸ್ಸಾರಿನಲ್ಲಿ ಅದು ಸಾರಾಗಿ ಹೊಟ್ಟೆ ಸೇರುತ್ತದೆ. ಸಿ ಜೀವಸತ್ವ ಮಾತ್ರ ಬಿಸಿಗೆ ಬಹಳಷ್ಟು ಹಾಳಾಗುತ್ತದೆ. ಬಡಿಸಿದ ಮೇಲೆ ಪಲ್ಯದ ಮೇಲೆ ನಿಂಬೆಹೋಳು ಹಿಂಡಿದರೆ ಆ ಕೊರತೆ ತುಂಬುತ್ತದೆ, ಸೊಪ್ಪು-ಕಾಳಿನ ಕಬ್ಬಿಣಾಂಶವೂ ಮೈಗೆ ಚೆನ್ನಾಗಿ ಹತ್ತುತ್ತದೆ. ಇನ್ನು ರಾಗಿ, ಅಕ್ಕಿಯಂಥ ಧಾನ್ಯಗಳ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಅದು ಧಾರಾಳ. ಕಾಳಿನಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯದಿಂದ ಸಿಗುತ್ತದೆ. ಮುದ್ದೆಗೆ ಬಸ್ಸಾರನ್ನು ಜೊತೆ ಮಾಡಿದವರು ಈ ಹೆಸರುಗಳನ್ನು ಕೇಳಿರಲಿಲ್ಲ, ಜೋಡಿ ಮಾತ್ರ ಸರಿಯಾಗಿಯೇ ಕೂಡಿಸಿದ್ದರು.

ಖಾರದ ಮಾತಿಗೆ ಬಂದರೆ ಉಪ್ಸಾರು ಬಸ್ಸಾರಿಗಿಂತ ಒಂದು ಕೈ ಮೇಲು. ಇಲ್ಲಿ ಕಟ್ಟಿಗೆ ಮಸಾಲೆ ಬೆರೆಸುವುದೇ ಇಲ್ಲ, ಉಪ್ಪು ಹಾಕಿದ ಕಟ್ಟೇ ಸಾರು. ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಕಾಳುಮೆಣಸು, ಜೀರಿಗೆ ಅರೆದ ಖಾರವನ್ನು ಬೇರೆ ಬಟ್ಟಲಲ್ಲಿ ಇಡುತ್ತಾರೆ. ಅಪ್ಪ ನಿಂಬೆಗಾತ್ರ ಕಲಸಿಕೊಳ್ಳಲಿ, ಅಜ್ಜಿ ಚೂರೇ ಚೂರು ಸೋಕಿಸಿಕೊಳ್ಳಲಿ, ನಾಲ್ಕು ವರ್ಷದ ಮಗು ಖಾರವಿಲ್ಲದ ಕಟ್ಟು, ತುಪ್ಪ, ಬಿಸಿ ಅನ್ನ ಉಣ್ಣಲಿ. ಎಲ್ಲರೂ ಒಂದೇ ಪಾತ್ರೆಯ ಊಟ ಮಾಡುತ್ತಾರೆ, ಯಾರಿಗೂ ಬೇರೆ ಅಡುಗೆ ಮಾಡಬೇಕಿಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಹುಡುಕುವುದು ಕಷ್ಟ.

ಉತ್ತರ ಕರ್ನಾಟಕದಲ್ಲಿ ಹೋಳಿಗೆ ಮಾಡಿದ ದಿನ ಕಟ್ಟಿನ ಸಾರು ಆಗಲೇಬೇಕು. ಕಡಲೆಬೇಳೆ ಬೇಯಿಸಿ ಬಸಿದ ನೀರು, ಅದಕ್ಕೆ ಹುಣಸೆಹುಳಿ, ಮಸಾಲೆ, ಕರಿಬೇವಿನ ಒಗ್ಗರಣೆ, ರುಚಿಗೆ ಒಂದಿಷ್ಟು ಹೂರಣ. ಸಿಹಿಯೂ ಸಾರೂ ಒಂದೇ ಬೇಳೆಯವು. ಒಂದು ಎಚ್ಚರ ಮಾತ್ರ ಬೇಕು: ಬೇಳೆ ಪೂರ್ತಿ ಬೇಯುವ ಮೊದಲು ಬೆಲ್ಲವನ್ನಾಗಲಿ ಹುಣಸೆಹುಳಿಯನ್ನಾಗಲಿ ಹಾಕಬಾರದು. ಸಿಹಿ, ಹುಳಿ ಎರಡೂ ಬೇಳೆ ಮೆತ್ತಗಾಗುವುದನ್ನು ತಡೆಯುತ್ತವೆ, ಎಷ್ಟು ಹೊತ್ತು ಒಲೆಯ ಮೇಲಿಟ್ಟರೂ ಗಟ್ಟಿ ಬೇಳೆ ಹಾಗೇ ನಿಲ್ಲುತ್ತದೆ.

ಕರಾವಳಿ, ಮಲೆನಾಡಿನವರ ತಂಬುಳಿಗೆ ಇಷ್ಟೂ ಒಲೆ ಬೇಡ. ದೊಡ್ಡಪತ್ರೆಯನ್ನೋ ಒಂದೆಲಗವನ್ನೋ ಜೀರಿಗೆ, ಕಾಳುಮೆಣಸಿನೊಡನೆ ತುಪ್ಪದಲ್ಲಿ ಬಾಡಿಸಿ, ಕಾಯಿ ಸೇರಿಸಿ ರುಬ್ಬಿ, ಮಜ್ಜಿಗೆಯಲ್ಲಿ ಕಲಸಿದರೆ ಆಯಿತು. ಕುದಿಸುವಂತಿಲ್ಲ. ಬೇಸಿಗೆಯ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ ಊಟ.

ಮಕ್ಕಳನ್ನು ಅಡುಗೆಮನೆಗೆ ಕರೆತರಲು ಅವರೆಕಾಯಿಯ ಕಾಲದಷ್ಟು ಒಳ್ಳೆಯ ಹೊತ್ತು ಇನ್ನೊಂದಿಲ್ಲ. ಡಿಸೆಂಬರ್-ಜನವರಿಯ ಚಳಿಯಲ್ಲಿ ಮಾಗಡಿ ಕಡೆಯ ಸೊಗಡಿನ ಕಾಯಿ ಬೆಂಗಳೂರಿನ ರಸ್ತೆಬದಿಯಲ್ಲಿ ರಾಶಿ ಬೀಳುತ್ತದೆ. ಬಿಡಿಸಿದ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಹೆಬ್ಬೆರಳು-ತೋರುಬೆರಳ ನಡುವೆ ಒತ್ತಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಚಿಮ್ಮುತ್ತದೆ. ಚಾಕು ಬೇಡ, ಬೆಂಕಿ ಬೇಡ, ಐದು ವರ್ಷದವರೂ ಕೂತು ಮಾಡಬಹುದಾದ ಕೆಲಸ. ಹಿತಕಿದ ಬೇಳೆ ಒಂದಿಷ್ಟು ಸಾರಿಗೆ, ಒಂದಿಷ್ಟು ಮರುದಿನದ ಉಪ್ಪಿಟ್ಟಿಗೆ, ಉಳಿದದ್ದು ಅಕ್ಕಿರೊಟ್ಟಿಗೆ. ತಾನೇ ಹಿತಕಿದ ಬೇಳೆ ಎಂಬ ಹೆಮ್ಮೆಯಲ್ಲಿ ಮಗು ಒಂದು ತುತ್ತು ಹೆಚ್ಚೇ ಉಣ್ಣುತ್ತದೆ.

ಸಿಹಿಗೂ ಹಬ್ಬವನ್ನೇ ಕಾಯಬೇಕಿಲ್ಲ. ದಕ್ಷಿಣ ಕನ್ನಡದ ಬಾಳೆಹಣ್ಣಿನ ರಸಾಯನಕ್ಕೆ ಬೇಕಾದದ್ದು ಕಳಿತ ಹಣ್ಣು, ಕಾಯಿಹಾಲು, ಬೆಲ್ಲ, ಏಲಕ್ಕಿ, ಇಷ್ಟೇ. ದೋಸೆಗೂ ಸೈ, ಒತ್ತುಶ್ಯಾವಿಗೆಗೂ ಸೈ. ಮಾವಿನ ಕಾಲದಲ್ಲಿ ಸೀಕರಣೆ, ಚಪಾತಿಯ ಜೊತೆ. ಹಣ್ಣು ಚೆನ್ನಾಗಿ ಕಳಿತಿದ್ದರೆ ಬೆಲ್ಲ ಅರ್ಧಕ್ಕಿಳಿಸಬಹುದು, ಇಳಿಸುವುದೇ ಲೇಸು. ಸೇರಿಸಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯಲ್ಲಿ ನೂರಕ್ಕೆ ಹತ್ತನ್ನು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸ್ಪಷ್ಟವಾಗಿ ಹೇಳಿತು. ಐದಕ್ಕೆ, ಅಂದರೆ ದೊಡ್ಡವರಿಗೆ ಸುಮಾರು 25 ಗ್ರಾಂಗೆ, ಇಳಿದರೆ ಇನ್ನೂ ಒಳ್ಳೆಯದು. ಮಕ್ಕಳಿಗೂ ಈ ಮಿತಿ ಅನ್ವಯಿಸುತ್ತದೆ. ಬೆಲ್ಲದಲ್ಲಿ ಖನಿಜಾಂಶ ಒಂದಿಷ್ಟಿದೆ, ಆದರೆ ಈ ಲೆಕ್ಕದಲ್ಲಿ ಬೆಲ್ಲವೂ ಸಕ್ಕರೆಯೇ. ಇಡಿಯಾಗಿ ತಿನ್ನುವ ಹಣ್ಣಿನ ಸಿಹಿ ಮಾತ್ರ ಈ ಲೆಕ್ಕಕ್ಕೆ ಬರುವುದಿಲ್ಲ.

ಹೆಸರುಬೇಳೆ ಪಾಯಸವನ್ನು ಅರ್ಧ ಗಂಟೆಯಲ್ಲಿ ಮುಗಿಸಬಹುದು. ಬೇಳೆಯನ್ನು ಪರಿಮಳ ಬರುವಷ್ಟು ಹುರಿದು, ಬೇಯಿಸಿ, ಆಮೇಲೆ ಬೆಲ್ಲ ಹಾಕಬೇಕು. ಹಸುವಿನ ಹಾಲು ಹಾಕುವವರು ಒಲೆ ಆರಿಸಿ, ಪಾಯಸ ಸ್ವಲ್ಪ ತಣಿದ ಮೇಲೆ ಸುರಿಯಲಿ. ಕುದಿಯುವ ಬೆಲ್ಲಕ್ಕೆ ಹಾಲು ಬಿದ್ದರೆ ಒಡೆಯುವುದೇ ಹೆಚ್ಚು.

ರಾಗಿ ಹಾಲುಬಾಯಿಗೆ ತಾಳ್ಮೆ ಬೇಕು. ನೆನೆಸಿದ ರಾಗಿ ರುಬ್ಬಿ, ಬಟ್ಟೆಯಲ್ಲಿ ಹಾಲು ಹಿಂಡಿ, ಬೆಲ್ಲ-ಏಲಕ್ಕಿ ಸೇರಿಸಿ, ತಳ ಬಿಡುವವರೆಗೂ ಕೈ ಬಿಡದೆ ಮಗುಚಬೇಕು. ತುಪ್ಪ ಸವರಿದ ತಟ್ಟೆಗೆ ಸುರಿದು, ಆರಿದ ಮೇಲೆ ಕತ್ತರಿಸಿದರೆ ಹಲ್ಲಿಲ್ಲದ ಅಜ್ಜನೂ ತಿನ್ನುವಷ್ಟು ಮೆತ್ತಗಿನ ಸಿಹಿ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇರುತ್ತದೆ, ಅದೂ ಹೆಚ್ಚಾಗಿ ಕಾಳಿನ ಹೊರಪದರದಲ್ಲಿ. ಹಾಗಾಗಿ ಬಟ್ಟೆಯಲ್ಲುಳಿದ ಹಿಪ್ಪೆಯನ್ನು ಎಸೆಯದೆ ಮರುದಿನದ ದೋಸೆ ಹಿಟ್ಟಿಗೆ ಕಲಸಿ, ಈರುಳ್ಳಿ, ಸಬ್ಬಸಿಗೆ ಹೆಚ್ಚಿ ಹಾಕಿ, ಸ್ವಲ್ಪ ದಪ್ಪಗೆ ಹುಯ್ಯಬೇಕು.